ಕುಳ್ಳ ಐ

ಫೀಪೇಯ ಅರ್ಜಿ ವಾಪಸು ಬಂತು. ಸಿಡುಬೆದ್ದ ಮೈಯ ಹಾಗೆ ಹಾಳೆಯ ತುಂಬ ಕೆಂಪು ಸುತ್ತುಗಳು. ಕೆಳಗೆ ಹೆಡ್‌ಮಿಸ್ ಬರೆದಿದ್ದರು: "ಇದು ಪುಟ್ಟ ಮಕ್ಕಳಿಗೆ ಅಕ್ಷರ ತಿದ್ದಿಸುವ ಕೆಲಸ. ಸರಿಮಾಡಿ ನಾಳೆ ಸಮಿತಿಯ ಮುಂದೆ ತಾ. ಮತ್ತೆ ತಪ್ಪಾದರೆ ಬೇರೆಯವರನ್ನು ನೋಡುತ್ತೇವೆ."

ಆರು ವರ್ಷದಿಂದ ಫೀಪೇ ಸಮೋವಾ ದ್ವೀಪದ ಆ ಹಳ್ಳಿಶಾಲೆಯ ಅಂಗಳ ಗುಡಿಸುತ್ತಿದ್ದಳು. ಪೊರಕೆ ಹಿಡಿದೇ, ಕಿಟಕಿಯಾಚೆ ನಿಂತು, ಒಳಗಿನ ಪಾಠವನ್ನೆಲ್ಲ ಬಾಯಿಪಾಠ ಮಾಡಿದ್ದಳು. ಚಿಕ್ಕ ತರಗತಿಗೆ ಸಹಾಯಕಿ ಬೇಕೆಂದಾಗ ಧೈರ್ಯ ಮಾಡಿ, ಇಂಗ್ಲಿಷಿನಲ್ಲಿ, ಸ್ವಂತ ಕೈಯಿಂದ ಬರೆದ ಅರ್ಜಿ ಅದು.

ಅವಳು ಕೆಂಡದ ಮೇಲೆ ದೀವಿಹಲಸು ಹೊರಳಿಸುತ್ತಿದ್ದಾಗ ಹನ್ನೊಂದು ವರ್ಷದ ಮಗಳು ಈಸೆತಾ ಹಾಳೆ ಎತ್ತಿಕೊಂಡು ಎಣಿಸಿದಳು.

"ಅಯ್ಯೋ ಅಮ್ಮಾ! ಹದಿನಾಲ್ಕು ಐ, ಹದಿನಾಲ್ಕೂ ಕುಳ್ಳ! 'ನಾನು' ಅನ್ನೋ ಐ ಯಾವಾಗ್ಲೂ ದೊಡ್ಡದೇ ಬರೀಬೇಕು. ನೀನು 'ನೀವು' ಅನ್ನೋದನ್ನ ಎಲ್ಲಾ ಕಡೆ ದೊಡ್ಡದು ಮಾಡಿದೀಯ. ಪೂರಾ ಉಲ್ಟಾ!"

"ಸಮಿತೀಲಿ ಯಾರ್ಯಾರು ಕೂತಿರ್ತಾರೆ ಗೊತ್ತೇನೇ? ಊರ ಹಿರೀಕರಾದ ಮಟಾಯಿಗಳು, ಪಾದ್ರಿಗಳು. ಅಂಥೋರಿಗೆ ಬರೆಯೋವಾಗ ನಾನು ಕಂಬದ ಹಾಗೆ ನಿಂತ್ಕೊಂಡು ಅವರನ್ನ ಕುಳ್ಳ ಮಾಡ್ಲಾ? ನಮ್ಮ ಸಮೋವನ್ ಮಾತಲ್ಲಿ 'ನಾನು'ಗೆ ಇಷ್ಟೊಂದು ಎತ್ತರ ಇಲ್ಲಮ್ಮ."

"ಅದು ಹೋಗ್ಲಿ, ಇಡೀ ಕಾಗದದಲ್ಲಿ ಒಂದೇ ಒಂದು ಫುಲ್‌ಸ್ಟಾಪ್ ಇಲ್ವಲ್ಲ! ಬರೀ ಕಾಮಾ, ಕಾಮಾ, ಕಾಮಾ. ಓದೋರಿಗೆ ಉಸಿರು ಕಟ್ಟುತ್ತೆ."

"ಮಾತು ಮುಗೀತು ಅಂತ ದೊಡ್ಡೋರು ಹೇಳ್ಬೇಕು ಕಣೇ. ನಾನೇ ಚುಕ್ಕೆ ಇಟ್ಟು ಎದ್ದು ಹೋಗೋದಾ?"

ಈಸೆತಾ ನಕ್ಕುಬಿಟ್ಟಳು. ತಾಯಿಯ ಮುಖ ನೋಡಿ ನಗು ನುಂಗಿಕೊಂಡಳು. "ಅಮ್ಮಾ, ಇಂಗ್ಲಿಷಿನೋರ ಭಾಷೇನ ಅವರ ಥರಾನೇ ಬರೀಬೇಕು. ಇಲ್ದಿದ್ರೆ ನಿಂಗೆ ಇನ್ನೂ ಆರು ವರ್ಷ ಪೊರಕೇನೇ."

ಫೀಪೇ ಕೈಯ ಮಸಿ ತೊಳೆದು ಹೊಸ ಹಾಳೆ ತೆಗೆದಳು. ಮೊದಲನೆಯ ದೊಡ್ಡ ಐ ಬರೆಯುವಾಗ ಕಿವಿ ಬಿಸಿಯಾಯಿತು. ಏಳನೆಯದರ ಹೊತ್ತಿಗೆ ಕೈ ಪಳಗಿತು.

"ಹಾಗಾದ್ರೆ ಅವರ ಭಾಷೇಲಿ ದೊಡ್ಡೋರಿಗೆ ಮರ್ಯಾದೆ ಕೊಡೋದು ಹೇಗೆ?" ಎಂದು ಕೇಳಿದಳು.

ಈಸೆತಾ ತನ್ನ ಇಂಗ್ಲಿಷ್ ಪುಸ್ತಕದ ಪುಟ ತಿರುವಿ ಹುಡುಕತೊಡಗಿದಳು.

"ಪಾಪ, ಬರೆಯೋವಾಗ ಆ ಇಂಗ್ಲಿಷಿನೋರ ಎದುರಿಗೆ ಯಾರೂ ಕೂತಿರಲ್ವೇನೋ," ಎಂದು ಫೀಪೇ ತಾನೇ ಸಮಾಧಾನ ಹೇಳಿಕೊಂಡು, ಮನಸ್ಸು ಗಟ್ಟಿ ಮಾಡಿ ಕೊನೆಯ ಸಾಲಿಗೂ ಚುಕ್ಕೆ ಇಟ್ಟಳು.

ಮರುದಿನ ಬೆಳಿಗ್ಗೆ ಸಮಿತಿಯವರು ಗೋಡೆಯಿಲ್ಲದ ಸಭಾಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಕೂತ ಹಿರಿಯರ ಮುಂದೆ ನೆಟ್ಟಗೆ ನಡೆದುಹೋಗುವುದು ಆ ಊರಿನಲ್ಲಿಲ್ಲ. ಫೀಪೇ ಮೆಟ್ಟಿಲು ಹತ್ತಿದವಳೇ ಸೊಂಟ ಬಾಗಿಸಿ, ತಲೆ ತಗ್ಗಿಸಿ, "ತುಲೋ, ತುಲೋ" ಎಂದು ಹೆಜ್ಜೆಹೆಜ್ಜೆಗೂ ಕ್ಷಮೆ ಕೇಳುತ್ತ ಬಂದಳು. ಹಾಳೆಯನ್ನು ಹೆಡ್‌ಮಿಸ್ ಕೈಗಿತ್ತು, ಹಾಗೆಯೇ ಹಿಂದೆ ಸರಿದು, ಕಂಬದ ಮರೆಗೆ ಕೂತಳು.

ಹೆಡ್‌ಮಿಸ್ ಕೆಂಪು ಪೆನ್ನು ಬಿಚ್ಚಿಕೊಂಡೇ ಓದಿದರು. ಕೊನೆಯ ಸಾಲಿಗೆ ಬಂದಾಗ ಪೆನ್ನಿಗೆ ಮುಚ್ಚಳ ಹಾಕಿದರು.

"ಸೋಮವಾರ ಏಳೂವರೆಗೆಲ್ಲ ಬಂದ್ಬಿಡಮ್ಮ."

ಇಂಗ್ಲಿಷ್ ಬಾರದ ಮುದಿ ಮಟಾಯಿಯೊಬ್ಬರು ಹೆಡ್‌ಮಿಸ್ ಕಡೆ ವಾಲಿ ಕೇಳಿದರು, "ಅಂಥದ್ದೇನು ಬರೆದಿದಾಳೆ?"

"ಒಂದೂ ತಪ್ಪಿಲ್ಲ. ಸಾಲುಸಾಲಿಗೂ 'ನಾನು' ಅಂತ ತಲೆ ಎತ್ತಿ ನಿಂತಿದಾಳೆ ನೋಡಿ."

"ಇವಳಾ?" ಮಟಾಯಿ ಕಣ್ಣು ಕಿರಿದು ಮಾಡಿ ಕಂಬದ ಕಡೆ ನೋಡಿದರು. "ಆಗಿನಿಂದ ನನಗೆ ಇವಳ ಮುಖಾನೇ ಕಂಡಿಲ್ವಲ್ಲ!"