ತಗ್ಗಿನ ಸೈಟು

ಕೊಳಚೆ ನೀರು ಎತ್ತುವ ಪಂಪ್‌ಹೌಸಿನ ನಕ್ಷೆಯನ್ನು ಮಾವನ ಮೇಜಿನ ಮೇಲೆ ಬಿಚ್ಚುವ ಮೊದಲು ಎಂಜಿನಿಯರ್ ಅಳಿಯ ಎರಡು ಲೋಟ ನೀರು ಕುಡಿದ. ಮಾವ ದರ್ಜಿ. ಕತ್ತಿನ ಟೇಪನ್ನು ಊಟಕ್ಕೆ ಕೂತಾಗಲೂ ತೆಗೆಯದ ಮನುಷ್ಯ. ಸುರುಳಿ ಸುತ್ತಿಕೊಳ್ಳುತ್ತಿದ್ದ ಕಾಗದದ ಒಂದು ಮೂಲೆಗೆ ಕತ್ತರಿ, ಇನ್ನೊಂದಕ್ಕೆ ಇಸ್ತ್ರಿ ಪೆಟ್ಟಿಗೆ ಇಟ್ಟು, ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

“ಇದು ನಮ್ಮ ಬೀದಿ. ಇದು ನಮ್ಮ ಮನೆ. ಪಕ್ಕದಲ್ಲಿ ಈ ಕೆಂಪು ಚೌಕ ಏನು?”

“ಅದೇ ಮಾವ... ಪಂಪ್‌ಹೌಸು.”

“ಅದು ನಮ್ಮ ಸೈಟಲ್ವೇ?”

“ಹೌದು ಮಾವ.”

“ಅಳಿಯ ಮನೆ ತೊಳಿಯ ಅಂತ ಕೇಳಿದ್ದೆ. ನೀವು ಸೈಟಿಗೇ ಕೈ ಹಾಕಿದ್ರಲ್ಲ!”

ಪಾಪ, ಅಳಿಯನ ತಪ್ಪೇನೂ ಇರಲಿಲ್ಲ. ಇಡೀ ಬಡಾವಣೆಯಲ್ಲಿ ಅತಿ ತಗ್ಗಿನ ಜಾಗ ಅದೇ. ಜೋರು ಮಳೆ ಬಂದಾಗಲೆಲ್ಲ ಚರಂಡಿ ಉಕ್ಕಿ, ಊರವರ ಬಚ್ಚಲ ನೀರೆಲ್ಲ ಈ ಬೀದಿಯ ಮನೆಗಳೊಳಗೆ ನುಗ್ಗುತ್ತಿತ್ತು. ಅದನ್ನು ಅಲ್ಲೇ ಒಂದು ಆಳದ ಬಾವಿಗೆ ಇಳಿಸಿ, ಪಂಪಿನಿಂದ ಎತ್ತಿ ದೂರದ ಶುದ್ಧೀಕರಣ ಘಟಕಕ್ಕೆ ತಳ್ಳಬೇಕು. ಬೇರೆಲ್ಲಾದರೂ ಇನ್ನೊಂದು ಚೂರು ತಗ್ಗು ಸಿಕ್ಕೀತೇ ಎಂದು ಅವನು ಮತ್ತೆ ಮತ್ತೆ ಮಟ್ಟ ಹಿಡಿದು ನೋಡಿದ್ದ. ಭೂಮಿ ದಾಕ್ಷಿಣ್ಯ ತೋರಿಸಲಿಲ್ಲ. ಮಾವ ಒಲ್ಲೆ ಎಂದರೆ ಯೋಜನೆ ಬೇರೆ ಬಡಾವಣೆಯ ಪಾಲಾಗುತ್ತದೆ. ತೊಂದರೆ ಏನೆಂದರೆ, ಆ ಸೈಟನ್ನು ಮಾವ ತಮ್ಮ ಮಗಳು ಮನೆ ಕಟ್ಟಿಕೊಳ್ಳಲೆಂದು ಇಟ್ಟಿದ್ದರು. ಅಂದರೆ ಇವನ ಹೆಂಡತಿ. ಆಳದ ಬಾವಿ ತೋಡಿಸುವ ಧೈರ್ಯವಿದ್ದವನಿಗೆ ಅವಳ ಮುಂದೆ ಬಾಯಿ ಬಿಡುವ ಧೈರ್ಯ ಮಾತ್ರ ಬಂದಿರಲಿಲ್ಲ.

“ನನ್ನನ್ನೇನು ಕೇಳ್ತೀರಿ? ಬಟ್ಟೆ ನನ್ನದಾದ್ರೂ ಅಳತೆ ಅವಳದು,” ಎಂದ ಮಾವ ಒಳಗೆ ಕೂಗಿದರು. “ಅಮ್ಮಾ, ಬಾ ಇಲ್ಲಿ. ನಿನ್ನ ಯಜಮಾನ್ರು ಏನೋ ತಂದಿದ್ದಾರೆ.”

ರಜೆಯೆಂದು ತವರಿಗೆ ಬಂದಿದ್ದ ಅವಳು ಸೆರಗಿಗೆ ಕೈ ಒರೆಸುತ್ತ ಬಂದು ಕೆಂಪು ಚೌಕ ನೋಡಿದಳು. ಎಂಜಿನಿಯರನ ಹೆಂಡತಿಗೆ ನಕ್ಷೆಯನ್ನು ಬಿಡಿಸಿ ಹೇಳಬೇಕೆ? ಮುಖ ಸಣ್ಣದಾಯಿತು. ಅವನು ಗಡಿಬಿಡಿಯಿಂದ ಎರಡನೆಯ ಹಾಳೆ ಹರಡಿದ. “ಮೊದಲು ಇದನ್ನ ನೋಡು, ಆಮೇಲೆ ಬೈಯಿ. ಬೀದಿಯಿಂದ ನೋಡಿದ್ರೆ ಪಂಪ್‌ಹೌಸು ಅಂತ ಯಾರಿಗೂ ಗೊತ್ತಾಗಬಾರದು, ಹಾಗೆ ಬರೆದಿದ್ದೀನಿ.”

ಹಾಳೆಯಲ್ಲಿ ಹೆಂಚಿನ ಮಾಡಿನ, ಮುದ್ದಾದ ಒಂದು ಮನೆ ಇತ್ತು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಮದುವೆಯಾದಂದಿನಿಂದ ಬಾಡಿಗೆ ಮನೆಗಳಲ್ಲಿ ಕೂತರೆ, ನಿಂತರೆ ತನ್ನ ಮನೆ ಹೇಗಿರಬೇಕೆಂದು ಅವಳು ಹೇಳುತ್ತಿದ್ದಳು. ಅವನು ಪೇಪರಿನ ಹಿಂದಿನಿಂದ ಹೂಂಗುಟ್ಟುತ್ತಿದ್ದ.

“ಇದು ಅಡುಗೆಮನೆ ಕಿಟಕಿ. ಪೂರ್ವಕ್ಕೆ.”

“ಹೂಂ. ಮೋಟರಿನ ಬಿಸಿ ಹೊರಗೆ ಹೋಗೋಕೆ.”

“ಹೊಗೆಗೂಡು?”

“ಅದರೊಳಗೆ ವಾಸನೆ ಪೈಪು. ಎಲ್ಲಾ ಮೇಲಕ್ಕೇ ಹೋಗಿಬಿಡುತ್ತೆ.”

“ಸಂಜೆ ಕೂತ್ಕೊಳ್ಳೋಕೆ ಜಗಲಿ ಬೇಕು ಅಂದಿದ್ದೆ.”

“ಇದೆಯಲ್ಲ! ಕೆಳಗೆ ವಾಲ್ವಿನ ಗುಂಡಿ. ನೀನು ಕೂತ್ರೂ ಭಾರ ತಡೆಯುತ್ತೆ, ಲೆಕ್ಕ ಹಾಕಿದ್ದೀನಿ.”

ಹೆಂಡತಿಯ ಮನೆಯನ್ನು ಚರಂಡಿಗೆ ಕಟ್ಟಿಕೊಟ್ಟು, ಅದನ್ನೇ ಹೆಂಡತಿಗೆ ತೋರಿಸಿ, ಶಹಬ್ಬಾಸ್ ಅನ್ನಲಿ ಎಂದು ಕಾಯುವುದು ಎಂಜಿನಿಯರಿಗಲ್ಲದೆ ಇನ್ಯಾರಿಗೂ ಸಾಧ್ಯವಿಲ್ಲ. ಅವನ ಮುಖದಲ್ಲಿ ನಿಜಕ್ಕೂ ಹೆಮ್ಮೆ ಇತ್ತು.

“ನನ್ನ ಮಾತು ನಿಮ್ಮ ಕಿವಿಗೇ ಬೀಳ್ತಿಲ್ಲ ಅಂದ್ಕೊಂಡಿದ್ದೆ. ಒಂದೂ ಬಿಡದೆ ಬಿದ್ದಿದೆ. ಬಿದ್ದಿದ್ದೆಲ್ಲ ಬಚ್ಚಲಿಗೆ ಹೋಯ್ತಲ್ರೀ!”

“ಮನೆ ಅಂತ ಬರೆಯೋಕೆ ಕೂತ್ರೆ ಕೈ ಇದನ್ನೇ ಬರೀತು. ನನಗೆ ಬೇರೆ ಯಾವ ಮನೆ ಗೊತ್ತು ಹೇಳು?”

ಅವಳಿಗೆ ಅಳುವೂ ಬಂತು, ನಗುವೂ ಬಂತು. ಯಾವುದು ಮೊದಲು ಬಂದರೆ ಕಷ್ಟವೋ ಎಂದು ಮಾವ ನಡುವೆ ಬಾಯಿ ಹಾಕಿದರು.

“ಹೊಲಿಗೆಯೇನೋ ಚೆನ್ನಾಗಿದೆ. ತೊಡೋರು ಯಾರು?”

“ಎರಡು ಪಂಪು, ಮಾವ. ಒಂದು ಓಡುತ್ತೆ. ಇನ್ನೊಂದು ಸುಮ್ನೆ ಕೂತಿರುತ್ತೆ, ಮೊದಲನೇದು ಕೆಟ್ರೆ ಇರಲಿ ಅಂತ.”

“ಹಾಗಾದ್ರೆ ಸಂಸಾರಸ್ಥರೇ ಅನ್ನಿ.”

“ಅದರಲ್ಲಿ ಓಡೋದು ಯಾರು ಅಂತ ನಾನು ಕೇಳಲ್ಲಪ್ಪ,” ಎಂದಳು ಮಗಳು. ಮತ್ತೆ ಹಾಳೆಗೆ ಬಗ್ಗಿ, ಕೆತ್ತನೆಯ ಮುಂಬಾಗಿಲ ಮೇಲೆ ಬೆರಳಿಟ್ಟಳು. “ಇದು?”

ಈ ಸಲ ಅವನ ದನಿ ಇಳಿಯಿತು. “ಅದು ತೆರೆಯಲ್ಲ. ಗೋಡೆಗೆ ಕೂರಿಸಿರೋ ಹಲಗೆ, ನೋಡೋಕಷ್ಟೇ. ನಿಜವಾದ ಬಾಗಿಲು ಹಿಂದುಗಡೆ, ಪಂಪು ಎತ್ತಿ ಹೊರಗೆ ತೆಗೆಯೋಕೆ.”

ಅವಳು ಕಿಟಕಿಯಾಚೆ ನೋಡಿದಳು. ಎದುರು ಮನೆಯ ಕಾಂಪೌಂಡಿನ ಮೇಲೆ ಹೋದ ವಾರ ಕೊಳಚೆಯಲ್ಲಿ ನೆಂದ ಹಾಸಿಗೆಗಳನ್ನು ಇನ್ನೂ ಒಣಹಾಕಿದ್ದರು. ಆ ಮನೆಯಾಕೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆಟ್ಟಿಲು ಉಜ್ಜುತ್ತಿದ್ದಳು.

“ಕಟ್ಟಿ,” ಎಂದಳು.

ಅಳಿಯ ನಕ್ಷೆ ಸುತ್ತಲು ಕೈ ಹಾಕಿದ. ಅವಳು ಬಿಡಲಿಲ್ಲ. ಅಪ್ಪನ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು ಆ ಬಾಗಿಲ ಮೇಲೆ ಪುಟ್ಟದೊಂದು ಬೀಗ ಬರೆದಳು.

“ಇದೊಂದು ಹಾಕಿಸಿ. ಹೋಗೋ ಬರೋರು, ಮನೆಯವರು ಎಲ್ಲೋ ಹೋಗಿದ್ದಾರೆ, ಇನ್ನೇನು ಬರ್ತಾರೆ ಅಂದ್ಕೊಳ್ಳಲಿ.”