ಕಣ್ಣೀರಿನ ವಿನಾಯಿತಿ

ಸುದ್ದಿ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಹೇಳುವ ಮೊದಲು ಆಸ್ಪತ್ರೆಯವರು ಮನೆಮಂದಿಗೆಲ್ಲ ಕಣ್ಣೀರು ಒಣಗಿಸುವ ಇಂಜೆಕ್ಷನ್ ಕೊಡಲೇಬೇಕೆಂಬ ನಿಯಮವಿತ್ತು. ಗ್ಲಾಕೋಮಾ, ಅಂದರೆ ಕಣ್ಣಿನ ಪ್ರೆಶರ್ ಇದ್ದವರಿಗೆ ಮಾತ್ರ ವಿನಾಯಿತಿ. ಆ ಔಷಧಿ ಅವರ ಕಣ್ಣಿಗೆ ಅಪಾಯ. ಹಾಗಾಗಿ ಕೆಲವರು ಅಂಥ ಅತ್ತೆಯನ್ನೋ ಚಿಕ್ಕಮ್ಮನನ್ನೋ ಹುಡುಕಿ ಕರೆತರುತ್ತಿದ್ದರು, ಎಲ್ಲರ ಪರವಾಗಿ ಅಳಲಿಕ್ಕೆ.

ಕಾಶವ್ವ ಒಬ್ಬಳೇ ಬಂದಿದ್ದಳು. ಒಳಗೆ ಮಗನ ಆಪರೇಷನ್ ಮುಗಿದಿತ್ತು.

"ಕಣ್ಣಾಗ ಪ್ರೆಶರ್ ಐತೇನ್ ಯವ್ವಾ?" ನರ್ಸ್ ಎಸ್ತರ್ ರೂಢಿಯಂತೆ ಕೇಳಿದಳು.

"ಐತ್ರಿ."

ಹೋದ ತಿಂಗಳು ಇವಳ ಗಂಡ ತೀರಿಕೊಂಡಾಗ ಇದೇ ತೋಳಿಗೆ ತಾನೇ ಚುಚ್ಚಿದ್ದು ಎಸ್ತರ್‌ಗೆ ನೆನಪಿತ್ತು. ಅವತ್ತು ಕಾಶವ್ವ ಬಾಯಿ ಒಣಗಿ ಲೋಟಗಟ್ಟಲೆ ನೀರು ಕುಡಿದು, ಹನಿ ಕಣ್ಣೀರಿಲ್ಲದೆ ಹೆಣದ ಹಿಂದೆ ನಡೆದಿದ್ದಳು.

"ಯಾವಾಗಿಂದ?"

"ಅವರು ಹೋದಾಗಿಂದ್ರಿ."

ಎಸ್ತರ್ ಸಿರಿಂಜನ್ನು ಟ್ರೇಯಲ್ಲಿಟ್ಟಳು. "ಮಗ ಪಾರಾಗ್ಯಾನ. ನಾಳೆ ಮಾತಾಡ್ತಾನ."

ಕಾಶವ್ವ ಬಾಯಿಗೆ ಸೆರಗು ಒತ್ತಿಕೊಂಡು, ಹೋದ ತಿಂಗಳದ್ದನ್ನೂ ಸೇರಿಸಿ ಅತ್ತಳು. ಇಂಜೆಕ್ಷನ್ ಮುಗಿಸಿ ಬೆಂಚಿನ ಮೇಲಿದ್ದವರೆಲ್ಲ ಒಣಗಿದ ಕಣ್ಣಲ್ಲಿ ನೋಡುತ್ತ ಕುಳಿತರು.

ಮುಂದಿನ ಸರದಿಯ ಮುದುಕ ಆಗಲೇ ಮಡಚಿಟ್ಟಿದ್ದ ಅಂಗಿಯ ತೋಳನ್ನು ಮೆಲ್ಲಗೆ ಕೆಳಗಿಳಿಸಿಕೊಂಡ.

"ನಂಗೂ ಕಣ್ಣಾಗ ಪ್ರೆಶರ್ ಐತ್ರಿ, ಸಿಸ್ಟರ್."