ಎಲೆ ಎಸೆದ ಕೈ

ದೇವಯ್ಯನ ಎಲೆ ಅನ್ನದ ಸಮೇತ ಅಂಗಳಕ್ಕೆ ಹಾರಿ ಬಿತ್ತು. ಎಸೆದವರು ಹೆಡ್ ಮಾಸ್ಟರು ಶ್ಯಾಮಣ್ಣನವರು. ಹಾಸ್ಟೆಲಿನ ಯಜಮಾನಿಕೆಯೂ ಅವರದೇ.

"ನಿನ್ನ ಜಾಗ ಒಳಗಲ್ಲ, ಹಿಂದೆ ಸೌದೆ ಜಗಲಿಯಲ್ಲಿ. ಈ ಊಟದ ಮನೆಯಲ್ಲಿ ನಿನಗೆ ಎಲೆ ಬೀಳಬೇಕಾದರೆ ನಾನೇ ನಿಂತು ಹಾಕಬೇಕು. ತಿಳಿಯಿತೇ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವರ ಮಗ ಕಸ್ತೂರಿರಂಗ. ಆತಗೂರು ಕಡೆಯ ಕೇರಿಯಿಂದ ಮದ್ದೂರಿಗೆ ಓದಲು ಅಂದೇ ಬಂದಿದ್ದ ದೇವಯ್ಯ ಅಂಗಳದ ಅನ್ನ ಬಳಿದು ಕಾಗೆಗೆ ಹಾಕಿದ. ಅಳಲಿಲ್ಲ. ಎಲೆ ಎಸೆದ ಆ ಕೈಯನ್ನು ಮಾತ್ರ ಚೆನ್ನಾಗಿ ನೋಡಿಕೊಂಡ.

ವರ್ಷ ಕಳೆಯಿತು. ಯುದ್ಧ ನಡೆದಿತ್ತು, ಸೀಮೆಎಣ್ಣೆ ಸಿಕ್ಕದು, ಹುಡುಗರು ಬೆಳಕಿರುವಾಗಲೇ ಓದಿ ಮುಗಿಸಬೇಕು. ಅಂಥದರಲ್ಲೂ ಪುಟ್ಟಸ್ವಾಮಿ ಮೇಷ್ಟ್ರು ತರಗತಿಯಲ್ಲಿ ಚರ್ಚೆ ಮಾಡುವುದನ್ನು ಕಲಿಸತೊಡಗಿದರು.

"ಬರೀ ಬಾಯಿ ಮಾಡಿದರೆ ಅದು ಸಂತೆ ಜಗಳ. ಯೋಜನೆ ಮುಂದಿಡುವವನು ಈಗಿರುವ ಕೇಡು ತೋರಿಸಬೇಕು, ಅದರ ಬೇರು ತೋರಿಸಬೇಕು, ಪರಿಹಾರ ಹೇಳಬೇಕು. ವಿರೋಧಿಸುವವನು ಆ ಪರಿಹಾರ ಯಾಕೆ ನಡೆಯೋದಿಲ್ಲ ಅಂತ ಸಾಧಿಸಬೇಕು. ಎರಡೂ ಕಡೆಯದನ್ನು ಕಲಿತು ಬನ್ನಿ. ಯಾರು ಪರ, ಯಾರು ವಿರೋಧ ಅನ್ನೋದು ವೇದಿಕೆ ಮೇಲೇ ತೀರ್ಮಾನ. ಹಿಂದಿನ ಸಲ ಗೆದ್ದವನು ಮೊದಲು ಆರಿಸಿಕೊಳ್ಳುತ್ತಾನೆ."

ಹಿಂದಿನ ಸಲ ಗೆದ್ದವನು ಕಸ್ತೂರಿರಂಗ. ಈ ಸಲ ಅವನಿಗೆದುರು ದೇವಯ್ಯ. ವಿಷಯ, ಹಾಸ್ಟೆಲಿನಲ್ಲಿ ಎಲ್ಲರಿಗೂ ಒಂದೇ ಪಂಕ್ತಿ ಆಗಬೇಕು ಎಂಬುದು. ಗೆದ್ದವನಿಗೆ ಮೈಸೂರಿನ ಸ್ಪರ್ಧೆಗೆ ಹೋಗುವ ಅವಕಾಶ.

ವಿಷಯ ಕೇಳಿ ಶ್ಯಾಮಣ್ಣನವರು ನಕ್ಕರು. ತೀರ್ಪು ಹೇಳುವವರು ತಾವು, ಹರಿದುಹಾಕುವವನು ಮಗ. "ಆಗಲಿ ಮೇಷ್ಟ್ರೇ. ಎಲ್ಲರ ಮುಂದೆ ಈ ಹುಚ್ಚು ಒಂದು ಸಲ ಬಿಟ್ಟುಹೋಗಲಿ."

ದೇವಯ್ಯ ಸಂಜೆ ಸಂಜೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಕೂಗಿ ಕೂಗಿ ಕಲಿತ. ಬರೀ 'ಪರ'. ಬೇಲಿಯಾಚೆಯೇ ಹೆಡ್ ಮಾಸ್ಟರ ಮನೆ. ಮೊದಲ ಸಂಜೆ ಆ ಮನೆಯ ಕಿಟಕಿ ಪಟ್ಟನೆ ಮುಚ್ಚಿಕೊಂಡಿತು. ಆಮೇಲಾಮೇಲೆ ಮುಚ್ಚಲಿಲ್ಲ. ಗಲಾಟೆ ಅಭ್ಯಾಸವಾಗಿರಬೇಕು.

"ಲೇ, ಒಂದೇ ಮಾತ್ನ ಎಷ್ಟ್ ಸಲ ಒದರ್ತೀಯಲಾ?" ಜೊತೆಯ ಚಿಕ್ಕಣ್ಣ ರೇಗಿದ. "ನಂಗೇ ಬಾಯ್ಪಾಠ ಆಗೋಯ್ತು. ಒಳೆ ತಾವ ಓಗಿ ಕೂಗು."

"ಒಳೆ ತಾವ ಯಾರವ್ರೆ ಕೇಳಾಕೆ?"

"ವಿರೋಧದ್ದೂ ಒಸಿ ಕಲ್ತ್ಕೊ ಕಣ್ಲಾ. ಆ ಕಡೆ ಬಂದ್ರೆ ಏನ್ ಮಾಡೀಯೆ?"

"ಅದ್ನ ಎಡ್ಮಾಸ್ಟ್ರು ಮೊದಲ್ನೇ ದಿನ್ವೇ ಕಲ್ಸವ್ರೆ, ಬುಡು."

ಚರ್ಚೆಯ ದಿನ ತಾಲ್ಲೂಕಿನ ಅಮಲ್ದಾರರೇ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಶ್ಯಾಮಣ್ಣನವರು ಶಲ್ಯ ಸರಿಪಡಿಸಿಕೊಂಡು ಎದ್ದರು. "ಇಲ್ಲಿ ಗೆದ್ದ ಮಾತು ಬರೀ ಮಾತಾಗಿ ಉಳಿಯಬಾರದು. ಈ ಸಂಜೆಯೇ ಹಾಸ್ಟೆಲಿನಲ್ಲಿ ಜಾರಿಗೆ ತರುತ್ತೇನೆ. ಒಂದೇ ಪಂಕ್ತಿ ಗೆದ್ದರೆ ನಾನೇ ನಿಂತು ಎಲೆ ಹಾಕುತ್ತೇನೆ!" ಮಗನತ್ತ ನೋಡಿ ಮುಗುಳ್ನಕ್ಕರು.

"ಕಸ್ತೂರಿರಂಗ, ಯಾವ ಕಡೆ?" ಎಂದರು ಮೇಷ್ಟ್ರು.

"ಪರ."

ಶ್ಯಾಮಣ್ಣನವರ ನಗು ಅರ್ಧಕ್ಕೇ ನಿಂತಿತು. ಕಸ್ತೂರಿರಂಗ ಅದನ್ನು ಕಾಣಲಿಲ್ಲ. ದೇವಯ್ಯನ ಕಿವಿಯ ಹತ್ತಿರ ಬಗ್ಗಿದ್ದ. "ನಿನ್ನಂಥವರು ಹೊರಗೇ ಕೂರಬೇಕು ಅಂತ ನಿನ್ನ ಬಾಯಲ್ಲೇ ಹೇಳಿಸ್ತೀನಿ ಕಣೋ."

ದೇವಯ್ಯ ಮೇಷ್ಟ್ರಿಗೆ ಕೈಮುಗಿದ. "ಬ್ಯಾಡಿ ಸಾ. ನಾನು ಪರ ಕಲ್ತು ಬಂದಿವ್ನಿ. ವಿರೋಧ ಒಂದ್ ಬುಟ್ಟು ಏನಾರಾ ಕೊಡಿ."

ಸಭೆ ಗೊಳ್ಳೆಂದಿತು. ಚಿಕ್ಕಣ್ಣ ತಲೆ ತಗ್ಗಿಸಿದ.

ಕಸ್ತೂರಿರಂಗ ಮಾತಾಡಿದ. ಅವನು ಹೀಗೆ ಮಾತಾಡಬಲ್ಲನೆಂದು ಯಾರಿಗೂ ಗೊತ್ತಿರಲಿಲ್ಲ. "ಸೌದೆ ಜಗಲಿಯಲ್ಲಿ ಕೂತವನ ಅನ್ನದ ಮೇಲೆ ಒಲೆಯ ಬೂದಿ ಬೀಳುತ್ತದೆ, ಮಹನೀಯರೇ. ಅದನ್ನು ಊದಿ ಊದಿ ಉಣ್ಣುವವನಿಗೆ ನಾವು ಯಾವ ಪಾಠ ಹೇಳಿಕೊಟ್ಟು ಏನು?" ಅಮಲ್ದಾರರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ದೇವಯ್ಯ ಕಣ್ಣು ಮುಚ್ಚಿ ಕೂತಿದ್ದ. ತುಟಿ ಅಲುಗುತ್ತಿತ್ತು. ಪಾಪ, ದೇವರು ವೈದ್ಯನಾಥನನ್ನು ನೆನೆಯುತ್ತಿದ್ದಾನೆ ಎಂದುಕೊಂಡರು ಪಕ್ಕದವರು.

ಅವನ ಸರದಿ ಬಂತು. ಹೆಡ್ ಮಾಸ್ಟರು ಆಗಾಗ ಆಡಿದ್ದ ಮಾತುಗಳನ್ನೇ ಒಂದೂ ಬಿಡದೆ ಹೇಳಿದ. ಹಿಂದಿನಿಂದ ಬಂದ ಪದ್ಧತಿ ಮುರಿಯುತ್ತದೆ. ಹೆತ್ತವರು ಮಕ್ಕಳನ್ನು ಬಿಡಿಸುತ್ತಾರೆ. ಅಡುಗೆಯವರು ಬಿಟ್ಟುಹೋಗುತ್ತಾರೆ. ಒಂದೊಂದಕ್ಕೂ ಕಸ್ತೂರಿರಂಗನ ನಾಲಗೆಯ ತುದಿಯಲ್ಲಿ ಉತ್ತರವಿತ್ತು. "ಅಡುಗೆಯವರು ಹೋದರೆ ಹೋಗಲಿ, ಸರದಿಯ ಮೇಲೆ ನಾವೇ ಬೇಯಿಸಿಕೊಳ್ಳುತ್ತೇವೆ!" ಅಮಲ್ದಾರರು ಚಪ್ಪಾಳೆ ತಟ್ಟಿಯೇಬಿಟ್ಟರು.

ಶ್ಯಾಮಣ್ಣನವರು ಹಣೆ ಒರೆಸಿಕೊಂಡರು. ದೇವಯ್ಯ ಗೆದ್ದನೆಂದರೆ ಪಂಕ್ತಿಭೇದ ಉಳಿಯುತ್ತದೆ. ಆದರೆ ಆ ಕೇರಿಯ ಹುಡುಗನಿಗೆ ತಮ್ಮ ಮಗ ಸೋತನೆಂದು ತಾವೇ ಸಾರಬೇಕು, ಅವನನ್ನೇ ಮೈಸೂರಿಗೆ ಕಳಿಸಬೇಕು. ಅಮಲ್ದಾರರು ಅವರ ಬಾಯನ್ನೇ ನೋಡುತ್ತಿದ್ದರು.

"ಗೆದ್ದವನು… ಕಸ್ತೂರಿರಂಗ."

ಆ ಸಂಜೆ ಊಟದ ಮನೆಯಲ್ಲಿ ಒಂದೇ ಪಂಕ್ತಿ. ನೋಡಿಕೊಂಡೇ ಹೋಗೋಣವೆಂದು ಅಮಲ್ದಾರರೂ ಬಾಗಿಲಲ್ಲಿ ನಿಂತಿದ್ದರು. ಶ್ಯಾಮಣ್ಣನವರು ಬಗ್ಗಿ ಬಗ್ಗಿ ಎಲೆ ಹಾಕುತ್ತ ಬಂದರು. ದೇವಯ್ಯನ ಮುಂದೆ ಬಂದು, ಬಾಗಿಲತ್ತ ಒಮ್ಮೆ ನೋಡಿ ಕೈ ಚಾಚಿದರು. ಅವನು ಆ ಕೈಯನ್ನೇ ನೋಡಿದ. ಎಲೆ ಬಿತ್ತು. ನೀರು ಚಿಮುಕಿಸಿಕೊಂಡ.

ಪಕ್ಕದಲ್ಲಿ ಕೂತ ಕಸ್ತೂರಿರಂಗ ಹಲ್ಲು ಕಡಿದ. "ಎಲೆ ಬಿತ್ತು ಅಂತ ಬೀಗಬೇಡ ಕಣೋ. ಮೈಸೂರಿಗೆ ಹೋಗೋನು ನಾನು. ಸೋತೋನು ನೀನು."

"ಊ ಬುದ್ಧಿ, ಒಂದ್ ಮಾತೂ ತಪ್ದಂಗೆ ಒಪ್ಪಿಸುದ್ರಿ," ಎಂದ ದೇವಯ್ಯ ಅನ್ನ ಕಲಸುತ್ತ. "ನಾಳಿಂದ ನಾನು ಒಗಿಯೋ ಕಲ್ಲಿನ್ ತಾವ ಬರಾಕಿಲ್ಲ, ಕಿಟಕಿ ಮುಚ್ಕಳಿ. ನಿಮ್ಗೆ ಯೋಳ್ಕೊಡೋ ಪಾಠ ಮುಗೀತು."